ವಿದ್ಯುತ್ ವಾಯಿದೆ: ರಕ್ಷಣೆಯೋ, ಪಣವೋ?

2025ರ ಜುಲೈ ತಿಂಗಳಿನಿಂದ ಎಂಸಿಎಕ್ಸ್ ಹಾಗೂ ಎನ್‌ಎಸ್‌ಇಗಳಲ್ಲಿ ವಿದ್ಯುತ್ತಿನ ವಾಯಿದೆ ವ್ಯಾಪಾರ ಆರಂಭವಾಗಿದೆ. ಚಿನ್ನ, ಬೆಳ್ಳಿ, ಹತ್ತಿಗಳ ಸಾಲಿಗೆ ಸೇರಿದ ಈ ಹೊಸ ಸರಕು ನಮ್ಮ ವ್ಯಾಪಾರಿ ಮನೆತನಗಳ ತರುಣರನ್ನು ಸೆಳೆಯುವುದು ಸಹಜ. ಆದರೆ ಇದರ ಸ್ವಭಾವವನ್ನರಿಯದೆ ಕೈಹಾಕುವುದು ವಿವೇಕವಲ್ಲ.

ವಿದ್ಯುತ್ತನ್ನು ಕೊಂಡು ಉಗ್ರಾಣದಲ್ಲಿಡಲಾಗದು. ದರ ಕುಸಿದಾಗ ಕಾದು ಕೂರುವ ಅವಕಾಶ ಚಿನ್ನ ಕೊಂಡವನಿಗುಂಟು. ಇಲ್ಲಿ ತಿಂಗಳ ಕೊನೆಗೆ ಒಪ್ಪಂದವು ನಗದಿನಲ್ಲಿಯೇ ಚುಕ್ತಾ ಆಗುತ್ತದೆ. ಒಂದು ಲಾಟ್ ಎಂದರೆ 50 ಮೆಗಾವ್ಯಾಟ್ ಅವರ್, ಅಂದರೆ 50,000 ಯೂನಿಟ್. ದರ ಯೂನಿಟ್ಟಿಗೆ ಹತ್ತು ಪೈಸೆ ಸರಿದರೆ 5,000 ರೂಪಾಯಿ ಬಂತು, ಇಲ್ಲವೇ ಹೋಯಿತು. ಒಂದು ರೂಪಾಯಿ ಸರಿದರೆ 50,000.

ದೊಡ್ಡ ಕಾರ್ಖಾನೆಗೆ, ವಿತರಣಾ ಕಂಪನಿಗೆ ಇದು ರಕ್ಷಣೆ: ಮುಂದೆ ಕೊಳ್ಳಬೇಕಾದ ವಿದ್ಯುತ್ತಿನ ವೆಚ್ಚವನ್ನು ಇಂದೇ ನಿಗದಿಪಡಿಸಿಕೊಳ್ಳಬಹುದು. ಅಂಥ ಅಗತ್ಯವಿಲ್ಲದ ವ್ಯಕ್ತಿಗೆ ಇದು ಬರಿಯ ಪಣ. ಪಣ ಕಟ್ಟುವವರಿಲ್ಲದೆ ಪೇಟೆ ನಡೆಯದೆಂಬ ವಾದದಲ್ಲಿ ಹುರುಳಿದೆ; ಆದರೆ ಆ ಭಾರವನ್ನು ಗೃಹಸ್ಥನ ಉಳಿತಾಯ ಹೊರಬೇಕಿಲ್ಲ. ಷೇರುಗಳ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಪೇಟೆಯಲ್ಲಿ 2021-22ರಿಂದ 2023-24ರವರೆಗೆ ಶೇ. 93ರಷ್ಟು ವ್ಯಕ್ತಿಗತ ವ್ಯಾಪಾರಿಗಳು ನಷ್ಟ ಅನುಭವಿಸಿದರೆಂದು ಸೆಬಿಯ ಅಧ್ಯಯನವೇ ತಿಳಿಸಿದೆ. ವಿದ್ಯುತ್ ಪೇಟೆ ಸಾಮಾನ್ಯನಿಗೆ ಅದಕ್ಕಿಂತ ಉದಾರವಾಗಿರುವುದೆಂದು ನಂಬಲು ಕಾರಣವಿಲ್ಲ.

ಆದರೂ ಪ್ರವೇಶಿಸುವವರು ಈ ಬಂಡವಾಳವನ್ನು ಮನೆಯ ಉಳಿತಾಯದಿಂದ ಬೇರ್ಪಡಿಸಲಿ. ಮಾರ್ಜಿನ್ ತುಂಬಲು ಸಾಲ ಮಾಡದಿರಲಿ. ತಾಳಬಲ್ಲ ನಷ್ಟದ ಮಿತಿಯನ್ನು ಮೊದಲೇ ಬರೆದಿಡಲಿ. ಎಲ್ಲಕ್ಕಿಂತ ಮಿಗಿಲಾಗಿ, ಆ ಲೆಕ್ಕ ಮಡದಿಗೂ ಹಿರಿಯರಿಗೂ ತಿಳಿದಿರಲಿ. ಮನೆಯವರೆದುರು ತೆರೆದಿಡಲಾಗದ ವ್ಯವಹಾರವನ್ನು ಆರಂಭಿಸದಿರುವುದೇ ಲೇಸು.