ಸುಮ್ಮನಿದ್ದದ್ದು ನಮಗಾಗಿ ಅಂತಾರೆ

ವಿದೇಶಾಂಗ ನೀತಿ ಅಂದ್ರೆ ಯುಪಿಎಸ್‌ಸಿಗೆ ಓದೋರ ಸಬ್ಜೆಕ್ಟ್ ಅಂತ ನಾವು ಬಿಟ್ಟುಬಿಟ್ಟಿದ್ದೀವಿ. ಆದರೆ ಡಿಗ್ರಿ ಮುಗಿಸಿ ದುಬೈ, ದೋಹಾ, ಮಸ್ಕತ್ ಅಂತ ಹೊರಡೋರು ನಮ್ಮಲ್ಲೇ ಇದ್ದೀವಿ. ಅಂಥವರ ಹೆಸರಲ್ಲೇ ದೆಹಲಿ ಒಮ್ಮೆ ಬಾಯಿ ಮುಚ್ಚಿಕೊಂಡಿತ್ತು.

ಅದು 2011. ಟುನೀಶಿಯಾ, ಈಜಿಪ್ಟ್‌ಗಳಲ್ಲಿ ಜನ ಬೀದಿಗಿಳಿದು ಆಳುವವರನ್ನು ಇಳಿಸಿದ್ದರು. ಆಗ ನಮ್ಮ ವಿದೇಶಾಂಗ ಸಚಿವರು ಮದ್ದೂರಿನ ಎಸ್.ಎಂ. ಕೃಷ್ಣ. (ಅವರ ಹೆಸರೆತ್ತಿದರೆ ಎಲ್ಲರೂ ವಿಶ್ವಸಂಸ್ಥೆಯಲ್ಲಿ ಪೋರ್ಚುಗಲ್ ಸಚಿವರ ಭಾಷಣ ಓದಿದ್ದನ್ನೇ ನೆನೆಸಿ ನಗ್ತಾರೆ. ಅದೂ ಆ ಫೆಬ್ರವರಿಯಲ್ಲೇ.) ಭಾರತ ಭದ್ರತಾ ಮಂಡಳಿಯ ಸದಸ್ಯ ರಾಷ್ಟ್ರವಾಗಿತ್ತು. ಫೆಬ್ರವರಿ 26ರಂದು ಗಡಾಫಿ ಮೇಲಿನ ನಿರ್ಬಂಧಗಳಿಗೆ ಹೌದು ಅಂದಿತು. ಮಾರ್ಚ್ 17ರಂದು ಸೈನಿಕ ಕ್ರಮದ ಪ್ರಶ್ನೆ ಬಂದಾಗ ರಷ್ಯಾ, ಚೀನಾ, ಜರ್ಮನಿ, ಬ್ರೆಜಿಲ್ ಜೊತೆ ತಟಸ್ಥವಾಯಿತು.

ಇದು ಹೇಡಿತನ ಅಲ್ಲ. ಜನರನ್ನು ಕಾಪಾಡ್ತೀವಿ ಅಂತ ಶುರುವಾದ ಬಾಂಬ್ ದಾಳಿ ಗಡಾಫಿ ಸಾಯೋ ತನಕ ನಿಲ್ಲಲಿಲ್ಲ. 2014ರ ಹೊತ್ತಿಗೆ ಲಿಬಿಯಾಕ್ಕೆ ಎರಡೆರಡು ಸರ್ಕಾರ. ಅಷ್ಟರಲ್ಲಿ ನಮ್ಮವರು 15,000ಕ್ಕೂ ಹೆಚ್ಚು ಭಾರತೀಯರನ್ನು ವಾಪಸ್ ಕರೆತಂದಿದ್ದರು. ಐಎನ್‌ಎಸ್ ಮೈಸೂರು ಕೂಡ ಆ ಕೆಲಸಕ್ಕೆ ಹೊರಟಿತ್ತು.

ನಮ್ಮ ತಕರಾರು ಬಹರೇನ್ ಬಗ್ಗೆ. ಮಾರ್ಚ್ 14ರಂದು ಸೌದಿ ಸೈನ್ಯ ಸಮುದ್ರದ ಮೇಲಿನ ಸೇತುವೆ ದಾಟಿ ಒಳಗೆ ಬಂತು. ನಾಲ್ಕು ದಿನಕ್ಕೆ ಜನ ಸೇರುತ್ತಿದ್ದ ಪರ್ಲ್ ವೃತ್ತದ ಸ್ಮಾರಕವನ್ನೇ ಕೆಡವಿದರು. ಭಾರತ ಖಂಡಿಸಲಿಲ್ಲ. ಸಮರ್ಥಿಸೋರು ಕೊಡೋ ಕಾರಣ, ಗಲ್ಫ್‌ನಲ್ಲಿ ಸುಮಾರು 60 ಲಕ್ಷ ಭಾರತೀಯರಿದ್ದರು, ತೈಲವೂ ಅಲ್ಲಿಂದಲೇ ಬರಬೇಕು. ಕಾರಣ ಸುಳ್ಳಲ್ಲ. ಆದರೆ ಮಧ್ಯೆ ಪ್ರವೇಶಿಸದಿರೋದು ಬೇರೆ, ಮಾತೇ ಆಡದಿರೋದು ಬೇರೆ.

ಈ ವ್ಯತ್ಯಾಸ ಹಿಪ್ಪರಗಿ ಕಡೆಯ ನಮಗೆ ಹೊಸದಾಗಬಾರದು. ಜಮಖಂಡಿ, ಮುಧೋಳ 1948ರ ತನಕ ಸಂಸ್ಥಾನಗಳು. 1938ರ ಹರಿಪುರ ಅಧಿವೇಶನದಲ್ಲಿ ಕಾಂಗ್ರೆಸ್ಸು ಸಂಸ್ಥಾನಗಳ ಪ್ರಜೆಗಳಿಗೆ, ಹೋರಾಟ ನಿಮ್ಮದು, ನಮ್ಮ ಹೆಸರಲ್ಲಿ ನಡೆಸಬೇಡಿ ಅಂತು. ಜೊತೆಗೇ ಸಹಾನುಭೂತಿ, ನೈತಿಕ ಬೆಂಬಲ ಇದೆ ಅಂತಲೂ ಬಾಯಿಬಿಟ್ಟು ಹೇಳಿತ್ತು. ಮರುವರ್ಷ ಪಕ್ಕದ ರಾಮದುರ್ಗದಲ್ಲಿ ದಂಗೆಯಾಗಿ ಪೊಲೀಸರು ಸತ್ತಾಗ ಗಾಂಧೀಜಿ ಅದನ್ನೂ ಖಂಡಿಸಿದರು. ದೂರ ನಿಂತವರೂ ಸುಮ್ಮನಿರಲಿಲ್ಲ.

2012ರ ಫೆಬ್ರವರಿ 4ರಂದು ಸಿರಿಯಾ ಸರ್ಕಾರದ ವಿರುದ್ಧದ ನಿರ್ಣಯಕ್ಕೆ ಭಾರತ ಪರವಾಗಿ ಮತ ಹಾಕಿತು, ರಷ್ಯಾ, ಚೀನಾ ವೀಟೋ ಮಾಡಿದವು. ಆ ನಿರ್ಣಯದ ಹಿಂದೆ ಅರಬ್ ಲೀಗ್ ಇತ್ತು, ಗಲ್ಫ್ ದೊರೆಗಳೂ ಇದ್ದರು. ಆವತ್ತು ಮಾತಾಡೋದು ಸುಲಭವಿತ್ತು ಅಲ್ವಾ?