ಪಂಪು ಬದಲಿಸುವ ಮೊದಲು ಒಮ್ಮೆ ಬಗ್ಗಿ ನೋಡಿ

ಹಳೇ ಜೀಪಿಗೆ ಬೇರೆ ಎಂಜಿನ್ ಕೂರಿಸಿದರೆ ಅಲ್ಲಿಗೆ ಕೆಲಸ ಮುಗಿಯಿತು ಎಂದುಕೊಳ್ಳುವವರಿದ್ದಾರೆ. ನಾನೂ ಅಂದುಕೊಂಡವನೇ.

ನಮ್ಮದು ಅಪ್ಪನ ಕಾಲದ ಡೀಸೆಲ್ ಜೀಪು. ತೋಟದಿಂದ ಡಾಮರು ರಸ್ತೆಗೆ ಗುಡ್ಡೆಯ ಮೂರು ಕಡಿದಾದ ತಿರುವು. ಅಡಿಕೆ, ಗೊಬ್ಬರ, ಮಳೆಗಾಲದಲ್ಲಿ ಕಾಯಿಲೆಯವರು, ಎಲ್ಲದಕ್ಕೂ ಅದೇ ಗತಿ. 2022ರಲ್ಲಿ ಎಂಜಿನ್ ಬದಲಿಸಿದೆವು. (ಆರ್‌ಸಿಯಲ್ಲಿ ಬರೆಸಿಕೊಂಡೇ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆಯಲ್ಲ, ಅದನ್ನು ಮರೆಯಬೇಡಿ.) ಬಂದ ಎಂಜಿನ್ನಿನಲ್ಲೇ ಪವರ್ ಸ್ಟೇರಿಂಗ್ ಪಂಪು ಇತ್ತು. ನನಗೆ ರಟ್ಟೆ ನೋವು. ಇದನ್ನೂ ಜೋಡಿಸಿಬಿಡುವ ಎಂದೆ. ಚಾಸಿಗೆ ತಾಗುತ್ತದೆಂದು ಪಂಪನ್ನು ಬೇರೆ ಬ್ರಾಕೆಟ್ಟಿನಲ್ಲಿ ಕೂರಿಸಿ, ಕೈಗೆ ಸಿಕ್ಕಿದ ಪುಲ್ಲಿ ಹಾಕಿದರು.

ಓಡುವಾಗ ಹಗುರ. ತಿರುವಿನಲ್ಲಿ ನಿಧಾನಿಸಿದರೆ ಕಲ್ಲು! ಜೊತೆಗೆ ಕುಂಯ್ಯೋ ಎಂಬ ಸದ್ದು. ಒಮ್ಮೆ ಒಂಬತ್ತು ಮೂಟೆ ಹೇರಿಕೊಂಡು ಇಳಿಯುವಾಗ ಎರಡನೇ ತಿರುವಿನಲ್ಲಿ ಸ್ಟೇರಿಂಗ್ ಬಿಗಿದು ಚಕ್ರ ಅಂಚಿಗೆ ಹೋಗಿ ನಿಂತಿತು. ಆ ದಿನ ಮಗನೂ ಜೊತೆಗಿದ್ದ.

ಗ್ಯಾರೇಜಿನವರು "ಪಂಪು ಹೋಗಿದೆ" ಎಂದರು, ಬದಲಿಸಿದೆ. ಅದೇ ರೋಗ. ಮತ್ತೊಂದು ಹಾಕಿದೆ. ಅದೇ!

ಕೊನೆಗೆ ನಾನೇ ಬಗ್ಗಿ ಕೂತೆ. ಡಬ್ಬಿಯ ಎಣ್ಣೆ ನೊರೆ ನೊರೆ. ನಮ್ಮ ನೀರಿನ ಪಂಪಿನ ಕಥೆಯೇ ತಾನೆ? ಸಕ್ಷನ್ ಪೈಪಿನಲ್ಲಿ ಕ್ಲಿಪ್ಪು ಸಡಿಲಾದರೆ ಹೊರಗೆ ತೊಟ್ಟಿಕ್ಕಬೇಕೆಂದಿಲ್ಲ, ಒಳಗೆ ಗಾಳಿ ಎಳೆಯುತ್ತದೆ. ಸದ್ದಿಗೆ ಕಾರಣ ಅದು. ಇನ್ನು ಪುಲ್ಲಿ: ಎಂಜಿನ್ನಿನದ್ದು 5 ಇಂಚು, ಪಂಪಿನದ್ದು 6. ಐಡ್ಲಿಂಗಿನಲ್ಲಿ ಎಂಜಿನ್ 700 ಸುತ್ತು ತಿರುಗಿದರೆ ಪಂಪು ತಿರುಗುವುದು 583 ಅಷ್ಟೆ. ಒತ್ತಡ ಎಲ್ಲಿಂದ ಬರಬೇಕು? 5 ಇಂಚಿನದ್ದು ಹಾಕಿಸಿದೆ. ತೀರ ಸಣ್ಣದೂ ಕೂಡದು, ಬೆಲ್ಟು ಜಾರುತ್ತದೆ, ಎಣ್ಣೆ ಕಾಯುತ್ತದೆ. ಆಮೇಲೆ ಮುಂದಿನ ಚಕ್ರ ಜಾಕಿಯಲ್ಲಿ ಎತ್ತಿ, ಎಂಜಿನ್ ಬಂದ್ ಮಾಡಿ, ಸ್ಟೇರಿಂಗನ್ನು ಆ ತುದಿಯಿಂದ ಈ ತುದಿಗೆ ಹತ್ತಿಪ್ಪತ್ತು ಸಲ ತಿರುಗಿಸುತ್ತ ಎಣ್ಣೆ ತುಂಬಿಸಿದೆ. ಗುಳ್ಳೆ ನಿಂತ ಮೇಲೆಯೇ ಸ್ಟಾರ್ಟ್. ಪೂರ್ತಿ ತಿರುಗಿಸಿ ಹಿಡಿದೇ ಇರುವ ಚಾಳಿಯನ್ನೂ ಬಿಟ್ಟೆ.

ಗ್ಯಾರೇಜಿನವರನ್ನು ಬೈದು ಪ್ರಯೋಜನವಿಲ್ಲ. ಪಂಪಿಗೆ ಎಷ್ಟು ಹೇಳಿದರೂ ನಾವು ಕೊಡುತ್ತೇವೆ. ಎರಡು ಗಂಟೆ ಕೂತು ರೋಗ ಹುಡುಕಿದ್ದಕ್ಕೆ ಇನ್ನೂರು ರೂಪಾಯಿ ಕೇಳಿದರೆ "ಬರೇ ನೋಡಿದ್ದಕ್ಕಾ?" ಎನ್ನುತ್ತೇವೆ. ನೋಡಿದ್ದಕ್ಕೆ ದುಡ್ಡಿಲ್ಲದಿದ್ದರೆ ಅವರಾದರೂ ಯಾಕೆ ನೋಡಬೇಕು, ಹೇಳಿ? ಈಗ ನಾನು ಮೊದಲೇ ಹೇಳುತ್ತೇನೆ: ಹುಡುಕುವ ಕೂಲಿ ಬೇರೆ ಕೊಡುತ್ತೇನೆ, ಕಾರಣ ಗೊತ್ತಾಗದೆ ಯಾವ ಸಾಮಾನನ್ನೂ ಬಿಚ್ಚಬೇಡಿ.

ಬಿಚ್ಚಿದ ಎರಡು ಪಂಪು ಅಟ್ಟದಲ್ಲಿವೆ. ಬೇಕಾದವರು ಬನ್ನಿ, ಎರಡಕ್ಕೂ ಏನೂ ಆಗಿಲ್ಲ.