ಯಾರೂ ಕಲಿಸಲಿಲ್ವಂತೆ!

ಚಾರ್ಲಿ ವಿಲೆಟೊ ಬಗ್ಗೆ ಎಲ್ಲಿ ಓದಿದ್ರೂ 'ತಾನೇ ಕಲಿತ ಕಲಾವಿದ' ಅಂತ ಬರೆದಿರ್ತಾರೆ. ನಂಗ್ಯಾಕೋ ಈ ಮಾತು ಒಪ್ಪಿಗೆಯಾಗಲ್ಲ.

ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿದ್ದ ಈ ನವಾಹೊ ಅಜ್ಜ ತನ್ನ ಜನರ ನಡುವೆ ರೋಗ ಕಳೆಯೋ ವಿಧಿಗಳನ್ನ ನಡೆಸ್ತಿದ್ದವನು. ನವಾಹೊಗಳಲ್ಲಿ ಮನುಷ್ಯನ ಬೊಂಬೆ ಕೆತ್ತೋದು ಅಂಥ ವಿಧಿಗಳಿಗೆ ಮಾತ್ರ. ಸುಮ್ಸುಮ್ನೆ ಕೆತ್ತಿದ್ರೆ ಕೇಡು ಅನ್ನೋ ನಂಬಿಕೆ. ಗೂಬೆ ಅಂದ್ರಂತೂ ಅಲ್ಲೂ ಅಪಶಕುನವೇ! ಈತ ಎರಡನ್ನೂ ಕೆತ್ತಿದ. 1964ರಲ್ಲಿ ಸಾಯೋ ಮುಂಚಿನ ಕೆಲವೇ ವರ್ಷಗಳಲ್ಲಿ ಸುಮಾರು 400. ಸಿಕ್ಕಿದ ಹಲಗೆ ಕೆತ್ತಿ, ಬಣ್ಣ ಬಳಿದು, ಅಂಗಡಿಗೆ ಕೊಟ್ಟು ದಿನಸಿ ತರ್ತಿದ್ದ. ಅವುಗಳಲ್ಲಿ ಕೆಲವು ಈಗ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿವೆ.

ಬೊಂಬೆಗೆ ಶಕ್ತಿಯಿದೆ ಅಂತ ತಿಳಿದೂ ಕೆತ್ತಿದವನಿಗೆ ಯಾರೂ ಏನೂ ಕಲಿಸಿರಲಿಲ್ವಾ? ನಾನು ನಾಲ್ಕು ವರ್ಷ ಇಂಜಿನಿಯರಿಂಗ್ ಓದಿ, ಕೋಡ್ ಬರೆಯೋದನ್ನ ಆಫೀಸಲ್ಲಿ ಪಕ್ಕದ ಸೀಟಿನವನಿಂದ ಕಲಿತೆ. ನನ್ನನ್ನ ಮಾತ್ರ 'ಓದಿದವನು' ಅಂತಾರೆ :)

ಅಜ್ಜ ಹೋದಮೇಲೆ ಹೆಂಡತಿ, ಮಕ್ಕಳೂ ಕೆತ್ತಿದರು. ಅವರಿಗೂ ಯಾರೂ ಕಲಿಸಿರಲಿಲ್ಲ ಅನ್ನೋಣವಾ?